ಡೆನ್ಮಾರ್ಕಿನ ಸಂಶೋಧನ ಸ್ಥಾನಗಳು ಮತ್ತು ನಮ್ಮ ಹಸ್ತಪ್ರತಿ ವಿದ್ಯಾರ್ಥಿಗಳು

೧. ಪೀಠಿಕೆ

ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ಶ್ರುತವಿಚ್ಛೇದದ ಭಯದಿಂದ, ಮಹಿಮಾನಗರಿಯಲ್ಲಿ ನೆರೆದಿದ್ದ ದಕ್ಷಿಣಾಪಥದ ಆಚಾರ್ಯರಿಗೆ ಲೇಖವೊಂದನ್ನು ಕಳುಹಿದ ವೃತ್ತಾಂತವು ಧವಳಾ ಟೀಕೆಯಿಂದ ವಿದ್ವಾಂಸರಿಗೆಲ್ಲ ವಿದಿತವಾಗಿದೆ. ಆ ಆಚಾರ್ಯರು ಗ್ರಹಣ–ಧಾರಣಗಳಲ್ಲಿ ಸಮರ್ಥರಾದ ಇಬ್ಬರು ಸಾಧುಗಳನ್ನು ಆರಿಸಿ ಕಳುಹಿದರು. ಬಂದವರನ್ನು ಧರಸೇನರು ಒಡನೆಯೇ ಅಂಗೀಕರಿಸಲಿಲ್ಲ. ಒಬ್ಬರಿಗೆ ಅಧಿಕಾಕ್ಷರವುಳ್ಳ, ಇನ್ನೊಬ್ಬರಿಗೆ ಹೀನಾಕ್ಷರವುಳ್ಳ ವಿದ್ಯೆಯನ್ನು ಕೊಟ್ಟು ಸಾಧಿಸಿರೆಂದರು. ಸಾಧನೆಯ ಕೊನೆಯಲ್ಲಿ ವಿಕೃತರೂಪದ ದೇವತೆಗಳು ಕಾಣಿಸಿಕೊಳ್ಳಲು, ‘ದೇವತೆಗಳಿಗೆ ವಿಕಾರವು ಸ್ವಭಾವವಲ್ಲ, ದೋಷವು ಮಂತ್ರದಲ್ಲಿರಬೇಕು’ ಎಂದು ತಿಳಿದ ಶಿಷ್ಯರು ಹೆಚ್ಚಿದ್ದ ಅಕ್ಷರವನ್ನು ತೆಗೆದು, ಕೊರೆಯಾಗಿದ್ದುದನ್ನು ತುಂಬಿ ಮತ್ತೆ ಜಪಿಸಿದರು. ಆ ಬಳಿಕವೇ ಆಚಾರ್ಯರು ಸಂತುಷ್ಟರಾಗಿ ಆಗಮವನ್ನು ಉಪದೇಶಿಸಿದರು. ಆ ಶಿಷ್ಯರೇ ಪುಷ್ಪದಂತ–ಭೂತಬಲಿಗಳು.

ಈ ಪ್ರಸಂಗವನ್ನು ಶ್ರುತಪಂಚಮಿಯ ಉಪನ್ಯಾಸಗಳಲ್ಲಿ ನಾನು ಎಷ್ಟೋ ಸಲ ಹೇಳಿದ್ದೇನೆ. ಆದರೆ ಅದರ ಒಂದು ಅರ್ಥವು ನನಗೆ ಗೋಚರವಾದುದು ಒಂದು ಲೌಕಿಕ ವ್ಯವಹಾರದ ಮೂಲಕ. ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲು ಹದಿಮೂರನೆಯ ಶತಮಾನದ ತ್ರಿಕೂಟ ಲಕ್ಷ್ಮೀನಾರಾಯಣ ದೇವಾಲಯದಿಂದ ಪ್ರಸಿದ್ಧವಾಗಿದ್ದರೂ, ಅಲ್ಲಿ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿಯೂ ಉಂಟೆಂಬುದನ್ನು ನಮ್ಮ ವಾಚಕರು ಬಲ್ಲರು. ಆ ಊರಿನ ವಿದ್ಯಾರ್ಥಿನಿಯೊಬ್ಬಳು ನನ್ನಲ್ಲಿ ಪ್ರಾಕೃತವನ್ನೂ ಓಲೆಗರಿಗಳ ವಾಚನವನ್ನೂ ಕಲಿತು, ಕಾಲಕ್ರಮದಲ್ಲಿ ಪಿಎಚ್.ಡಿ. ಪದವಿಯನ್ನು ಪಡೆದಳು. ಒಂದು ದಿನ ಆಕೆ ಬಂದು, “ಗುರುಗಳೇ, ಡೆನ್ಮಾರ್ಕಿನಲ್ಲಿ ಹಸ್ತಪ್ರತಿಶಾಸ್ತ್ರಕ್ಕೆ ಸಂಬಂಧಿಸಿದ ಒಂದು ಸಂಶೋಧಕ ಸ್ಥಾನ ತೆರವಾಗಿದೆ; ಅರ್ಜಿ ಹಾಕಬೇಕೆಂದಿದ್ದೇನೆ, ತಾವೊಂದು ಪತ್ರ ಬರೆದುಕೊಡಬೇಕು” ಎಂದಳು. ಬರೆದುಕೊಟ್ಟೆನು. ಆ ಅರ್ಜಿ ಸಫಲವಾಗಲಿಲ್ಲ. ಅದೇಕೆ ಸಫಲವಾಗಲಿಲ್ಲವೆಂಬುದನ್ನೂ, ಆ ನಿಮಿತ್ತದಿಂದ ಅಲ್ಲಿಯ ಕ್ರಮವನ್ನು ವಿಚಾರಿಸಿ ತಿಳಿದ ವಿಷಯಗಳನ್ನೂ ಇಲ್ಲಿ ಕ್ರಮವಾಗಿ ನಿರೂಪಿಸಲಾಗಿದೆ. ನಮ್ಮಲ್ಲಿ ಓಲೆ ಓದಬಲ್ಲ ತರುಣರು ವಿರಳರಾಗುತ್ತಿರುವ ಈ ಕಾಲದಲ್ಲಿ ಇದು ಕೆಲವರಿಗಾದರೂ ಉಪಯುಕ್ತವಾದೀತು.

೨. ಡೆನ್ಮಾರ್ಕಿಗೂ ಭಾರತೀಯ ಹಸ್ತಪ್ರತಿಗಳಿಗೂ ಇರುವ ಸಂಬಂಧ

ಡೆನ್ಮಾರ್ಕೆಂದರೆ ನಮಗೆ ಸಂಬಂಧವೇ ಇಲ್ಲದ ದೇಶವೆಂದು ಭಾವಿಸಬೇಕಾಗಿಲ್ಲ. ೧೬೨೦ರಲ್ಲಿ ತಂಜಾವೂರಿನ ರಘುನಾಥ ನಾಯಕನೊಡನೆ ಒಪ್ಪಂದವಾಗಿ ತರಂಗಂಬಾಡಿಯಲ್ಲಿ ಡೇನರ ಕೋಟೆಯು ಎದ್ದಿತು. ೧೭೫೫ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ಅವರ ಇನ್ನೊಂದು ನೆಲೆಯಾಯಿತು. ಇವೆರಡನ್ನೂ ೧೮೪೫ರಲ್ಲಿ ಇಂಗ್ಲಿಷರಿಗೆ ಮಾರಿದರು. ವಿಲಿಯಂ ಕೇರಿಯ ಕನ್ನಡ ವ್ಯಾಕರಣವು ೧೮೧೭ರಲ್ಲಿ ಅಚ್ಚಾದುದು ಈ ಶ್ರೀರಾಮಪುರದ ಮುದ್ರಣಾಲಯದಲ್ಲಿ. ಅಂದರೆ ಕನ್ನಡದ ಆದಿಮುದ್ರಣಗಳಲ್ಲಿ ಒಂದು ಡೆನ್ಮಾರ್ಕಿನ ದೊರೆಯ ಆಡಳಿತಕ್ಕೆ ಸೇರಿದ್ದ ನೆಲದಲ್ಲಿ ನಡೆಯಿತು.

ಹಸ್ತಪ್ರತಿಗಳ ದೃಷ್ಟಿಯಿಂದ ಹೆಚ್ಚು ಮುಖ್ಯನಾದವನು ರಾಸ್ಮುಸ್ ರಾಸ್ಕ್. ಈತನು ೧೮೧೬ರಲ್ಲಿ ಕೋಪನ್‌ಹೇಗನ್ನನ್ನು ಬಿಟ್ಟು, ರಷ್ಯಾ ಮತ್ತು ಪರ್ಷಿಯಾಗಳ ಮೂಲಕ ಮುಂಬಯಿಗೆ ಬಂದು, ಸಿಂಹಳಕ್ಕೂ ಹೋಗಿ, ೧೮೨೩ರಲ್ಲಿ ಪಾಲಿ ಓಲೆಪ್ರತಿಗಳನ್ನೂ ಅವೆಸ್ತಾದ ಹಸ್ತಪ್ರತಿಗಳನ್ನೂ ಕೊಂಡು ಸ್ವದೇಶಕ್ಕೆ ಮರಳಿದನು. ಆ ಸಂಗ್ರಹದ ಬಲದಿಂದ ಅಲ್ಲಿ ಒಂದು ವಿದ್ವತ್ಪರಂಪರೆಯು ಬೆಳೆಯಿತು. ವೆಸ್ಟರ್‌ಗಾರ್ಡ್ ೧೮೪೬ರಲ್ಲಿ ಕೋಪನ್‌ಹೇಗನ್ನಿನ ರಾಜ ಗ್ರಂಥಾಲಯದ ಭಾರತೀಯ ಹಸ್ತಪ್ರತಿಗಳ ಸೂಚಿಯನ್ನು ಪ್ರಕಟಿಸಿದನು. ಫೌಸ್‌ಬೋಲ್ ೧೮೫೫ರಲ್ಲಿ ಧಮ್ಮಪದವನ್ನೂ, ಅನಂತರ ಜಾತಕಗಳನ್ನೂ ಸಂಪಾದಿಸಿದನು. ಟ್ರೆಂಕ್ನರನು ೧೮೮೦ರಲ್ಲಿ ಮಿಲಿಂದಪಞ್ಹವನ್ನು ಹೊರತಂದನು. ಆತನು ಕೂಡಿಟ್ಟ ಸಾಮಗ್ರಿಯ ಆಧಾರದ ಮೇಲೆ ಪಾಲಿಯ ವಿಮರ್ಶಾತ್ಮಕ ನಿಘಂಟಿನ ಪ್ರಕಟಣೆ ೧೯೨೪ರಲ್ಲಿ ಆರಂಭವಾಯಿತು.

ಇದರಿಂದ ತಿಳಿಯುವುದೇನೆಂದರೆ, ಅವರ ಪರಂಪರೆಯು ಮುಖ್ಯವಾಗಿ ಪಾಲಿಯ ಸುತ್ತ ಬೆಳೆಯಿತು. ಜೈನ ಪ್ರಾಕೃತಕ್ಕೆ ಜರ್ಮನಿಯಲ್ಲಿ ದೊರೆತಂತಹ ಸ್ಥಾನವು ಅಲ್ಲಿ ದೊರೆಯಲಿಲ್ಲ. ಕನ್ನಡಕ್ಕೆ ಮೀಸಲಾದ ಪೀಠವಂತೂ ಇಲ್ಲ. ಆದುದರಿಂದ ‘ಜೈನಶಾಸ್ತ್ರ’ ಎಂಬ ಹೆಸರಿನ ಸ್ಥಾನವು ಎಂದಾದರೂ ಪ್ರಕಟವಾದೀತೆಂದು ಕಾಯುತ್ತ ಕುಳಿತರೆ ಆಯುಷ್ಯವೇ ಕಳೆದುಹೋಗುವುದು. ನಮ್ಮ ವಿದ್ಯಾರ್ಥಿಯು ಬೇರೊಂದು ದ್ವಾರವನ್ನು ಹುಡುಕಬೇಕು.

೩. ಯಾವ ದ್ವಾರ?

ಡೆನ್ಮಾರ್ಕಿನಲ್ಲಿ ೮ ವಿಶ್ವವಿದ್ಯಾಲಯಗಳಿವೆ. ಇವುಗಳಲ್ಲಿ ಮಾನವಿಕ ವಿಷಯಗಳನ್ನು ಅಭ್ಯಸಿಸುವವರು ಗಮನಿಸಬೇಕಾದುವು ೧೪೭೯ರಲ್ಲಿ ಸ್ಥಾಪಿತವಾದ ಕೋಪನ್‌ಹೇಗನ್ ವಿಶ್ವವಿದ್ಯಾಲಯ, ೧೯೨೮ರಲ್ಲಿ ಆರಂಭವಾದ ಆರ್ಹುಸ್ ವಿಶ್ವವಿದ್ಯಾಲಯ, ಮತ್ತು ದಕ್ಷಿಣ ಡೆನ್ಮಾರ್ಕ್, ರಾಸ್ಕಿಲ್ಡ್, ಆಲ್‌ಬೋರ್ಗ್ ವಿಶ್ವವಿದ್ಯಾಲಯಗಳು. ಧರ್ಮಗಳ ಅಧ್ಯಯನ, ಏಷ್ಯಾದ ಸಂಸ್ಕೃತಿಗಳ ಅಧ್ಯಯನ, ಇತಿಹಾಸ, ಭಾಷಾವಿಜ್ಞಾನ ಎಂಬ ವಿಭಾಗಗಳ ಪ್ರಕಟಣೆಗಳನ್ನು ನೋಡುತ್ತಿರಬೇಕು. ನಮ್ಮವರಿಗೆ ವಿಶೇಷವಾಗಿ ಪರಿಚಯವಾಗಬೇಕಾದುದು ಕೋಪನ್‌ಹೇಗನ್ನಿನ ಆರ್ನಾಮಾಗ್ನಿಯನ್ ಸಂಗ್ರಹ.

ಆರ್ನಿ ಮಾಗ್ನುಸ್ಸೋನ್ ಎಂಬ ಐಸ್‌ಲೆಂಡಿನ ವಿದ್ವಾಂಸನು (೧೬೬೩–೧೭೩೦) ತನ್ನ ದೇಶದ ಮನೆಮನೆಗಳಿಂದ ಚರ್ಮಪತ್ರದ ಗ್ರಂಥಗಳನ್ನು ಸಂಗ್ರಹಿಸಿದನು. ಬಿಡಿ ಹಾಳೆಯೊಂದು ಸಿಕ್ಕಿದರೂ ಬಿಡಲಿಲ್ಲ. ಯಾವ ಪ್ರತಿಯನ್ನು ಯಾರಿಂದ ಪಡೆದನೆಂಬುದನ್ನು ಚಿಕ್ಕ ಚೀಟಿಗಳಲ್ಲಿ ಬರೆದಿಟ್ಟನು. ೧೭೨೮ರ ಕೋಪನ್‌ಹೇಗನ್ನಿನ ಅಗ್ನಿಪ್ರಳಯದಲ್ಲಿ ಅವನ ಮುದ್ರಿತ ಪುಸ್ತಕಗಳು ಬಹುಪಾಲು ಸುಟ್ಟುಹೋದರೂ ಹಸ್ತಪ್ರತಿಗಳಲ್ಲಿ ಹೆಚ್ಚಿನವು ಉಳಿದುವು. ಆ ಸಂಗ್ರಹವನ್ನು ಆತನು ವಿಶ್ವವಿದ್ಯಾಲಯಕ್ಕೆ ಬಿಟ್ಟುಹೋದನು. ಐಸ್‌ಲೆಂಡಿನವರು ತಮ್ಮ ಗ್ರಂಥಗಳನ್ನು ಮರಳಿ ಕೇಳಲು, ದೀರ್ಘವಾದ ಚರ್ಚೆಯ ಬಳಿಕ ೧೯೭೧ರ ಏಪ್ರಿಲ್ ೨೧ರಂದು ಮೊದಲ ಗ್ರಂಥಗಳು ಡೆನ್ಮಾರ್ಕಿನ ನೌಕಾದಳದ ಹಡಗಿನಲ್ಲಿ ರೇಕ್ಯಾವಿಕ್ ಬಂದರನ್ನು ಸೇರಿದುವು. ೧೯೯೭ರ ವೇಳೆಗೆ ಸಂಗ್ರಹದ ಸುಮಾರು ಅರ್ಧಭಾಗವು ಹಿಂದಿರುಗಿತು. ೨೦೦೯ರಲ್ಲಿ ಈ ಸಂಗ್ರಹವು ಯುನೆಸ್ಕೋದ ವಿಶ್ವಸ್ಮೃತಿ ಪಟ್ಟಿಗೆ ಸೇರಿತು.

ಇದನ್ನು ಇಷ್ಟು ವಿಸ್ತರಿಸಿದುದಕ್ಕೆ ಕಾರಣವುಂಟು. ಗ್ರಂಥವು ಯಾರ ಮನೆಯಿಂದ ಬಂದಿತು, ಯಾರು ಪ್ರತಿಮಾಡಿದರು, ಯಾರಿಗಾಗಿ ಮಾಡಿದರು ಎಂಬ ಪ್ರಶ್ನೆಗಳು ಅವರಿಗೂ ನಮಗೂ ಸಮಾನವಾದುವು. ನಮ್ಮ ಪುಷ್ಪಿಕೆಗಳಲ್ಲಿರುವ ಶಾಸ್ತ್ರದಾನದ ಉಲ್ಲೇಖಗಳು, ಆರ್ನಿಯ ಚೀಟಿಗಳು, ಎರಡೂ ಒಂದೇ ಜಿಜ್ಞಾಸೆಗೆ ಉತ್ತರವೀಯುತ್ತವೆ. ಕೋಪನ್‌ಹೇಗನ್ ಮತ್ತು ರೇಕ್ಯಾವಿಕ್‌ಗಳಲ್ಲಿ ಸರದಿಯಂತೆ ನಡೆದುಬಂದಿರುವ ಬೇಸಗೆಯ ಹಸ್ತಪ್ರತಿಶಾಸ್ತ್ರ ಶಿಬಿರವು ಆ ಜಿಜ್ಞಾಸೆಯ ಕ್ರಮವನ್ನು ಬೇರೆ ದೇಶದವರಿಗೂ ಕಲಿಸುತ್ತದೆ. ರಾಜ ಗ್ರಂಥಾಲಯದ ಪೌರ್ವಾತ್ಯ ಹಸ್ತಪ್ರತಿಗಳ ವಿವರಣಾತ್ಮಕ ಸೂಚಿಗಳು ಸಂಪುಟ ಸಂಪುಟವಾಗಿ ಬಂದಿದ್ದು, ಸಂಸ್ಕೃತ ಹಸ್ತಪ್ರತಿಗಳ ಒಂದು ಸೂಚಿ ೨೦೧೧ರಲ್ಲಿ ಪ್ರಕಟವಾಗಿದೆ. ನಮ್ಮ ವಿದ್ಯಾರ್ಥಿಯು ಅಲ್ಲಿಗೆ ಹೋಗಬೇಕಾದುದು ಜೈನಧರ್ಮದ ಪರಿಚಯವನ್ನು ಹೇಳುವುದಕ್ಕಾಗಿ ಅಲ್ಲ. ಹಸ್ತಪ್ರತಿಶಾಸ್ತ್ರದ ಒಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದು.

೪. ಸ್ಥಾನದ ಸ್ವರೂಪ

ಮೊದಲು ಒಂದು ಭ್ರಮೆಯನ್ನು ನಿವಾರಿಸಬೇಕು. ಪಿಎಚ್.ಡಿ. ನಂತರದ ಈ ಸ್ಥಾನವು, ಅಲ್ಲಿ ‘ಪೋಸ್ಟ್‌ಡಾಕ್’ ಎಂದು ಕರೆಯುವುದು, ವಿದ್ಯಾರ್ಥಿವೇತನವಲ್ಲ. ಅದು ಅವಧಿ ಗೊತ್ತುಮಾಡಿದ ಉದ್ಯೋಗ. ನೌಕರರ ಸಂಘಗಳಿಗೂ ಸರ್ಕಾರಕ್ಕೂ ಆದ ಸಾಮೂಹಿಕ ಒಪ್ಪಂದದಂತೆ ಸಂಬಳ, ರಜೆ, ನಿವೃತ್ತಿ ನಿಧಿಗಳು ಇರುತ್ತವೆ. ಸಂಬಳದ ಮೇಲೆ ತೆರಿಗೆಯೂ ಉಂಟು. ಅವಧಿಯು ಸಾಮಾನ್ಯವಾಗಿ ೧ರಿಂದ ೩ ವರ್ಷ. ಒಂದೇ ವಿಶ್ವವಿದ್ಯಾಲಯದಲ್ಲಿ ಒಟ್ಟು ೪ ವರ್ಷಗಳನ್ನು ಮೀರುವಂತಿಲ್ಲ. ಅರ್ಜಿಗೆ ಶುಲ್ಕವಿಲ್ಲ. ಶುಲ್ಕ ಕೊಡಿರೆಂದು ಯಾರಾದರೂ ಕೇಳಿದರೆ ಅದು ವಂಚನೆಯೆಂದೇ ತಿಳಿಯಬೇಕು.

ಎರಡನೆಯದು ಅರ್ಹತೆ. ಪಿಎಚ್.ಡಿ. ಅಥವಾ ಅದಕ್ಕೆ ಸಮಾನವಾದ ಸಾಮರ್ಥ್ಯವು ಅವಶ್ಯಕ. ಶಾಸ್ತ್ರಿ, ನ್ಯಾಯತೀರ್ಥ, ಸಿದ್ಧಾಂತಾಚಾರ್ಯ ಮೊದಲಾದ ನಮ್ಮ ಉಪಾಧಿಗಳು ಎಷ್ಟೇ ಗಹನವಾದ ಅಧ್ಯಯನದ ಫಲವಾಗಿದ್ದರೂ ಅವುಗಳಿಂದಲೇ ಅಲ್ಲಿ ಪ್ರವೇಶವು ದೊರೆಯದು. ಇದು ನನ್ನಂತಹವರಿಗೆ ಹಿತವಾದ ಮಾತಲ್ಲ. ಆದರೂ ನಿಜವನ್ನು ಮರೆಮಾಡಿ ಪ್ರಯೋಜನವಿಲ್ಲ. ಪಿಎಚ್.ಡಿ. ಇರುವವರು ಈ ಉಪಾಧಿಗಳನ್ನೂ ಕಾಣಿಸಬೇಕು, ಆದರೆ ಬರಿಯ ಹೆಸರನ್ನಲ್ಲ: ಎಷ್ಟು ವರ್ಷದ ಪಾಠ, ಯಾವ ಯಾವ ಗ್ರಂಥಗಳು, ಪರೀಕ್ಷೆ ಯಾವ ಬಗೆಯದು ಎಂದು ಎರಡು ವಾಕ್ಯಗಳಲ್ಲಿ ವಿವರಿಸಬೇಕು. ಗೊಮ್ಮಟಸಾರವನ್ನು ಗುರುಮುಖದಿಂದ ಪಾಠಕ್ರಮವಾಗಿ ಓದಿದುದು ಪರದೇಶದವರಿಗೆ ಬೆಲೆಯುಳ್ಳ ಸಂಗತಿ. ಹೇಳದಿದ್ದರೆ ಅವರಿಗೆ ತಿಳಿಯುವ ಬಗೆಯಿಲ್ಲ.

ಮೂರನೆಯದು ಮಾರ್ಗ. ಮಾರ್ಗಗಳು ಎರಡು. ಒಂದನೆಯದರಲ್ಲಿ, ಅಲ್ಲಿಯ ಪ್ರಾಧ್ಯಾಪಕರೊಬ್ಬರು ಈಗಾಗಲೇ ಧನವನ್ನು ಪಡೆದು ನಡೆಸುತ್ತಿರುವ ಯೋಜನೆಗೆ ಸಂಶೋಧಕರನ್ನು ಆಹ್ವಾನಿಸುತ್ತಾರೆ. ಪ್ರಕಟಣೆಯು ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಬರುತ್ತದೆ. ಅರ್ಜಿಯನ್ನು ಅಲ್ಲಿಯೇ, ಗಡುವಿನ ಒಳಗೆ, ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಸಲ್ಲಿಸಬೇಕು. ಇಲ್ಲಿ ಯೋಜನೆಯು ಅವರದು. ಅದರಲ್ಲಿ ನಮ್ಮ ವಿದ್ಯೆಯು ಎಲ್ಲಿ ಹೊಂದುವುದೆಂದು ತೋರಿಸುವುದೇ ನಮ್ಮ ಕೆಲಸ.

ಎರಡನೆಯದರಲ್ಲಿ ಯೋಜನೆಯು ನಮ್ಮದೇ. ಅಲ್ಲಿಯ ವಿದ್ವಾಂಸರೊಬ್ಬರು ಮಾರ್ಗದರ್ಶಕರಾಗಲು ಒಪ್ಪಬೇಕು. ಧನವನ್ನು ಬೇರೆಡೆಯಿಂದ ಬೇಡಬೇಕು. ಐರೋಪ್ಯ ಒಕ್ಕೂಟವು ಮೇರಿ ಕ್ಯೂರಿಯ ಹೆಸರಿನಲ್ಲಿ ಕೊಡುವ ಸಂಶೋಧನ ವೃತ್ತಿಯು ಇದಕ್ಕೆ ಉತ್ತಮ ಉದಾಹರಣೆ. ಯಾವ ದೇಶದವರೂ ಅರ್ಜಿ ಹಾಕಬಹುದು. ೨೦೨೧ರಿಂದ ೨೦೨೭ರವರೆಗಿನ ಯೋಜನಾವಧಿಯಲ್ಲಿ ಇದರ ಮುಖ್ಯ ನಿಯಮಗಳು ಇವು: ಪಿಎಚ್.ಡಿ. ಆಗಿರಬೇಕು, ಆ ಬಳಿಕದ ಸಂಶೋಧನ ಕಾಲವು ೮ ವರ್ಷಗಳನ್ನು ಮೀರಿರಬಾರದು, ಆದರೆ ಕೆಲವು ಬಗೆಯ ವಿರಾಮಗಳನ್ನು ಲೆಕ್ಕದಿಂದ ಬಿಡಲು ಅವಕಾಶವುಂಟು, ಹೋಗಬೇಕೆಂದಿರುವ ದೇಶದಲ್ಲಿ ಗಡುವಿಗೆ ಹಿಂದಿನ ೩೬ ತಿಂಗಳುಗಳಲ್ಲಿ ೧೨ ತಿಂಗಳಿಗಿಂತ ಹೆಚ್ಚು ಕಾಲ ವಾಸಿಸಿರಬಾರದು ಅಥವಾ ಕೆಲಸಮಾಡಿರಬಾರದು. ಯೂರೋಪಿನಲ್ಲಿಯೇ ನಡೆಯುವ ವೃತ್ತಿಯ ಅವಧಿ ೧ರಿಂದ ೨ ವರ್ಷ. ಅರ್ಜಿಯನ್ನು ತೂಗುವಾಗ ವಿದ್ವತ್ತೆಯ ಉತ್ಕೃಷ್ಟತೆಗೆ ನೂರಕ್ಕೆ ೫೦, ಪರಿಣಾಮಕ್ಕೆ ೩೦, ಕಾರ್ಯಕ್ರಮದ ನಿರ್ವಹಣೆಗೆ ೨೦ರಂತೆ ತೂಕವನ್ನು ಕೊಡುತ್ತಾರೆ. ನಿಯಮಗಳು ಪರಿಷ್ಕೃತವಾಗುತ್ತಿರುವುದರಿಂದ ಆಯಾ ವರ್ಷದ ಪ್ರಕಟಣೆಯನ್ನೇ ಪ್ರಮಾಣವಾಗಿ ಗ್ರಹಿಸಬೇಕು. ಗಡುವಿಗೆ ಆರೇಳು ತಿಂಗಳ ಮೊದಲೇ ಅಲ್ಲಿಯ ವಿದ್ವಾಂಸರಿಗೆ ಪತ್ರ ಬರೆಯುವುದು ಒಳಿತು. ಪತ್ರವು ಒಂದು ಪುಟವನ್ನು ಮೀರಬಾರದು. ಅವರ ಯಾವ ಲೇಖನವನ್ನು ಓದಿ, ಯಾವ ಕಾರಣದಿಂದ ಅವರಿಗೇ ಬರೆಯುತ್ತಿದ್ದೇವೆಂಬುದು ಅದರಲ್ಲಿರಬೇಕು. ಒಂದೇ ಪತ್ರವನ್ನು ಇಪ್ಪತ್ತು ಜನಕ್ಕೆ ಕಳುಹಿದರೆ ಇಪ್ಪತ್ತು ಜನರೂ ಅದನ್ನು ಬದಿಗಿಡುವರು.

೫. ಅರ್ಜಿಯ ಅಂಗಗಳು ಮತ್ತು ಪರಿಶೀಲನೆ

ಅರ್ಜಿಯೊಡನೆ ಸಾಮಾನ್ಯವಾಗಿ ಇರಬೇಕಾದುವು: ಈ ಸ್ಥಾನವನ್ನು ಏಕೆ ಬಯಸುವೆನೆಂಬ ಪತ್ರ, ವಿದ್ಯಾಭ್ಯಾಸ ಮತ್ತು ಉದ್ಯೋಗಗಳ ವಿವರ, ಪದವಿಪತ್ರದ ಪ್ರತಿ, ಪ್ರಕಟಣೆಗಳ ಪಟ್ಟಿ, ಆಯ್ದ ಕೆಲವು ಲೇಖನಗಳು, ಸಂಶೋಧನ ಯೋಜನೆ, ಬೋಧನಾನುಭವದ ದಾಖಲೆ, ಅಭಿಪ್ರಾಯ ನೀಡಬಲ್ಲ ವಿದ್ವಾಂಸರ ಹೆಸರುಗಳು. ಪ್ರಕಟಣೆಯಲ್ಲಿ ಎಷ್ಟು ಪುಟವೆಂದಿರುವುದೋ ಅಷ್ಟೇ ಪುಟ, ಎಷ್ಟು ಲೇಖನವೆಂದಿರುವುದೋ ಅಷ್ಟೇ ಲೇಖನ. ಹೆಚ್ಚು ಕಳುಹಿಸಿದರೆ ಹೆಚ್ಚು ಗೌರವವೆಂಬ ಭಾವನೆ ನಮ್ಮಲ್ಲುಂಟು. ಅಲ್ಲಿ ಅದು ನಿಯಮವನ್ನು ಓದಿಲ್ಲವೆಂಬುದಕ್ಕೆ ಸಾಕ್ಷಿಯಾಗುವುದು.

ಕನ್ನಡದಲ್ಲಿ ಪ್ರಕಟವಾದ ಲೇಖನಗಳನ್ನು ಬಿಡಬಾರದು. ಶೀರ್ಷಿಕೆಯನ್ನು ಲಿಪ್ಯಂತರದಲ್ಲಿ ಕೊಟ್ಟು, ಇಂಗ್ಲಿಷಿನಲ್ಲಿ ಅರ್ಥವನ್ನು ಬರೆದು, ಮೂರು ನಾಲ್ಕು ವಾಕ್ಯಗಳ ಸಾರಾಂಶವನ್ನು ಸೇರಿಸಬೇಕು. ನಮ್ಮ ಪತ್ರಿಕೆಗಳಲ್ಲಿ ಬಂದ ಉತ್ತಮ ಲೇಖನಗಳು ಎಷ್ಟೋ ಇವೆ. ಅವನ್ನು ಓದಲಾರದವರ ಮುಂದೆ ಬರಿಯ ಪಟ್ಟಿಯನ್ನಿಟ್ಟರೆ ಅವು ಇಲ್ಲದಂತೆಯೇ ಸರಿ.

ಬಂದ ಅರ್ಜಿಗಳಲ್ಲಿ ಕೆಲವನ್ನು ವಿಭಾಗವು ಆರಿಸಿ ಪರಿಶೀಲನ ಸಮಿತಿಗೆ ಒಪ್ಪಿಸುವುದು. ಸಮಿತಿಯು ಪ್ರತಿಯೊಬ್ಬರ ವಿಷಯದಲ್ಲಿಯೂ ಲಿಖಿತ ಅಭಿಪ್ರಾಯವನ್ನು ಸಿದ್ಧಪಡಿಸುವುದು. ತನಗೆ ಸಂಬಂಧಿಸಿದ ಭಾಗವನ್ನು ಅರ್ಜಿದಾರನು ಓದಿ ಪ್ರತಿಕ್ರಿಯೆ ಹೇಳಲು ಅವಕಾಶ ಕೊಡುವ ಪದ್ಧತಿಯೂ ಅಲ್ಲಿದೆ. ಸೋತವನಿಗೂ ತಾನೇಕೆ ಸೋತೆನೆಂದು ತಿಳಿಯುವ ಈ ವ್ಯವಸ್ಥೆಯು ಪ್ರಶಂಸನೀಯ. ಆಯ್ಕೆಯಾಗಿ ಒಪ್ಪಂದಪತ್ರವು ಕೈಸೇರಿದ ಮೇಲೆ ವಾಸ ಮತ್ತು ಉದ್ಯೋಗದ ಪರವಾನಿಗೆಗೆ ಅರ್ಜಿ ಸಲ್ಲಿಸಬೇಕು. ಅದಕ್ಕೆ ಮೊದಲು ಇಲ್ಲಿಯ ಉದ್ಯೋಗವನ್ನು ಬಿಡಬಾರದು.

೬. ಒಂದು ಅನುಭವ

ಮೇಲೆ ಹೇಳಿದ ವಿದ್ಯಾರ್ಥಿನಿಗೂ ಅಂತಹ ಲಿಖಿತ ಅಭಿಪ್ರಾಯವು ಬಂದಿತು. ಅದನ್ನು ಆಕೆ ನನಗೆ ಓದಿ ಹೇಳಿದಳು. ಅರ್ಜಿದಾರಳು ವಿಸ್ತಾರವಾಗಿ ಓದಿದ್ದಾಳೆ; ಆದರೆ ಹಸ್ತಪ್ರತಿಯ ಮುಂದೆ ಕುಳಿತಾಗ ಆಕೆ ಹೇಗೆ ಯೋಚಿಸುತ್ತಾಳೆಂಬುದು ಅರ್ಜಿಯಿಂದಾಗಲಿ ಶಿಫಾರಸು ಪತ್ರದಿಂದಾಗಲಿ ತಿಳಿಯುವುದಿಲ್ಲ ಎಂಬುದು ಅದರ ತಾತ್ಪರ್ಯ. ನಾನು ನನ್ನ ಪತ್ರದ ಪ್ರತಿಯನ್ನು ತೆಗೆದು ನೋಡಿದೆನು. ವಿನಯಸಂಪನ್ನೆ, ಸಚ್ಚಾರಿತ್ರ್ಯವತಿ, ಕುಶಾಗ್ರಬುದ್ಧಿಯುಳ್ಳವಳು, ಶ್ರುತಸೇವಾಪರಾಯಣೆ ಎಂದಿತ್ತು. ಎಲ್ಲವೂ ನಿಜ. ಆದರೆ ಅದೊಂದು ಪ್ರಶಸ್ತಿ, ಪ್ರಮಾಣವಲ್ಲ. ಅವಳ ಹೆಸರನ್ನು ತೆಗೆದು ಬೇರೊಬ್ಬರ ಹೆಸರನ್ನಿಟ್ಟರೂ ಆ ಪತ್ರವು ಹಾಗೆಯೇ ನಿಲ್ಲುತ್ತಿತ್ತು.

ಬರೆಯಬಹುದಾದ ಸಂಗತಿಯೊಂದು ಇತ್ತು. ಅದನ್ನು ಈಗ ಇಲ್ಲಿ ಹೇಳುವುದು ನನ್ನ ಕರ್ತವ್ಯ.

ಕನ್ನಡ ಲಿಪಿಯ ಪ್ರಾಕೃತ ಓಲೆಗಳಲ್ಲಿ ಸೊನ್ನೆಯು ಅನುಸ್ವಾರಕ್ಕೂ ಬರುವುದು, ಮುಂದಿನ ವ್ಯಂಜನದ ದ್ವಿತ್ವವನ್ನು ಸೂಚಿಸುವುದಕ್ಕೂ ಬರುವುದು. ‘ಧಂಮ’ ಎಂದಿದ್ದರೆ ‘ಧಮ್ಮ’ ಎಂದು ಓದುತ್ತೇವೆ, ಅಲ್ಲಿ ಸಂಶಯವಿಲ್ಲ. ಆದರೆ ‘ಸಂತ’ ಎಂದಿದ್ದರೆ ಅದು ‘ಇರುವ’ ಎಂಬರ್ಥದ ‘ಸಂತ’ವೂ ಆಗಬಹುದು, ‘ಏಳು’ ಎಂಬರ್ಥದ ‘ಸತ್ತ’ವೂ ಆಗಬಹುದು. ಎರಡರಲ್ಲಿಯೂ ಮಾತ್ರೆಗಳು ಮೂರೇ ಆದುದರಿಂದ ಛಂದಸ್ಸು ನೆರವಾಗದು. ಒಂದು ಮನೆಯ ಓಲೆಕಟ್ಟಿನಲ್ಲಿದ್ದ ಗಾಥೆಯೊಂದರಲ್ಲಿ ಈ ಶಬ್ದವನ್ನು ನಾನು ‘ಸಂತ’ವೆಂದು ಓದಿ, ಅರ್ಥವನ್ನೂ ಹೊಂದಿಸಿ, ಹಾಗೆಯೇ ಪ್ರತಿಮಾಡಿಕೊಂಡಿದ್ದೆನು. ಹಲವು ವರ್ಷ ಅದನ್ನೇ ಪಾಠ ಹೇಳಿದೆನು. ಈ ವಿದ್ಯಾರ್ಥಿನಿಯು ಆ ಕಟ್ಟಿನ ಎಲ್ಲ ಗರಿಗಳನ್ನೂ ಮೊದಲಿನಿಂದ ನೋಡಿ, ಆ ಲಿಪಿಕಾರನು ತಕಾರದ ದ್ವಿತ್ವವನ್ನು ಒಂದೆಡೆಯಲ್ಲಿಯೂ ಒತ್ತಕ್ಷರದಿಂದ ಬರೆದಿಲ್ಲ, ಯಾವಾಗಲೂ ಸೊನ್ನೆಯಿಂದಲೇ ಸೂಚಿಸಿದ್ದಾನೆ ಎಂದು ಪಟ್ಟಿಮಾಡಿದಳು. ಮುಂದಿನ ಗಾಥೆಯಲ್ಲಿ ತತ್ತ್ವಗಳ ಏಳು ಹೆಸರುಗಳೇ ಬಂದಿರುವುದನ್ನು ತೋರಿಸಿ, ಪಾಠವು ‘ಸತ್ತ’ವೆಂದೇ ಆಗಬೇಕೆಂದಳು. ಆಕೆ ಹೇಳಿದುದು ಸರಿ. ಓಲೆಯಲ್ಲಿ ದೋಷವಿರಲಿಲ್ಲ, ದೋಷವು ನನ್ನ ಪ್ರತಿಯಲ್ಲಿತ್ತು.

ಪತ್ರ ಬರೆಯುವಾಗ ಈ ಪ್ರಸಂಗವು ನನಗೆ ನೆನಪಿಗೆ ಬಾರದೆ ಇರಲಿಲ್ಲ. ಬಂದಿತು, ಬಿಟ್ಟೆನು. ಗುರುವಿನ ತಪ್ಪನ್ನು ಶಿಷ್ಯೆ ತಿದ್ದಿದಳೆಂದು ಪರದೇಶದವರ ಮುಂದೆ ಬರೆಯಲು ಮನಸ್ಸು ಒಪ್ಪಲಿಲ್ಲ. ಆಕೆಯೂ ನನ್ನ ಮೇಲಣ ಗೌರವದಿಂದ ತನ್ನ ಯೋಜನೆಯಲ್ಲಿ ಅದನ್ನು ಸೂಚಿಸಲಿಲ್ಲ. ಹೀಗೆ ಸಮಿತಿಯು ಯಾವುದನ್ನು ಹುಡುಕುತ್ತಿತ್ತೋ ಅದನ್ನೇ ನಾವಿಬ್ಬರೂ ಮರೆಮಾಡಿದೆವು. ಇದರಲ್ಲಿ ಅಲ್ಲಿಯವರ ದೋಷವೇನೂ ಇಲ್ಲ.

ಆಗ ಧರಸೇನರ ವೃತ್ತಾಂತವು ನನಗೆ ಹೊಸದಾಗಿ ತೋರಿತು. ಆ ಶಿಷ್ಯರು ತಿದ್ದಿದ್ದು ಯಾರ ಮಂತ್ರವನ್ನು? ಗುರುಗಳೇ ಕೊಟ್ಟುದನ್ನು. ಅದರಿಂದ ಗುರುಗಳಿಗೆ ಅಪಮಾನವಾಗಲಿಲ್ಲ, ಸಂತೋಷವಾಯಿತು; ಆಗಮವು ಉಳಿಯಿ­ತು. ಪೋಸ್ಟ್‌ಡಾಕ್ ಸ್ಥಾನದ ಅರ್ಜಿಯಲ್ಲಿ ಕೇಳುವುದೂ ಇದನ್ನೇ: ನೀನು ಏನನ್ನು ಕಂಠಪಾಠ ಮಾಡಿದೆಯೆಂದಲ್ಲ; ಎಲ್ಲಿ ಅಕ್ಷರವು ಹೆಚ್ಚಿತ್ತು, ಎಲ್ಲಿ ಕೊರೆಯಾಗಿತ್ತು, ಅದನ್ನು ಯಾವ ಪ್ರಮಾಣದಿಂದ ತಿಳಿದೆ ಎಂದು. ಅರ್ಜಿಯಲ್ಲಿ ಇಂತಹ ಒಂದು ಉದಾಹರಣೆಯು ಗರಿಯ ಸಂಖ್ಯೆ, ಸಾಲಿನ ಸಂಖ್ಯೆಗಳೊಡನೆ ಇದ್ದರೆ ಹತ್ತು ಪುಟದ ಪ್ರಶಂಸೆಗಿಂತ ಮೇಲು.

೭. ಆಚಾರದ ಪ್ರಶ್ನೆಗಳು

ಶ್ರಾವಕಾಚಾರವನ್ನು ಪಾಲಿಸುವವರಿಗೆ ಕೆಲವು ತೊಡಕುಗಳುಂಟು. ಅವನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಮೊದಲನೆಯದು ರಾತ್ರಿಭೋಜನ ತ್ಯಾಗ. ಕೋಪನ್‌ಹೇಗನ್ನಿನಲ್ಲಿ ಡಿಸೆಂಬರ್ ತಿಂಗಳ ಉತ್ತರಾರ್ಧದಲ್ಲಿ ಸೂರ್ಯನು ಬೆಳಗ್ಗೆ ಎಂಟೂವರೆ ಗಂಟೆಯ ಮೇಲೆ ಹುಟ್ಟಿ ಮಧ್ಯಾಹ್ನ ಮೂರೂಮುಕ್ಕಾಲಿನೊಳಗೆ ಮುಳುಗುವನು. ಸೂರ್ಯೋದಯದ ಅನಂತರ ಎರಡು ಘಳಿಗೆ, ಸೂರ್ಯಾಸ್ತಕ್ಕೆ ಮುನ್ನ ಎರಡು ಘಳಿಗೆ ಬಿಡಬೇಕೆಂದರೆ, ಸುಮಾರು ಒಂಬತ್ತೂವರೆಯಿಂದ ಮೂರು ಗಂಟೆಗೆ ಮುಂಚಿನವರೆಗಿನ ಕಾಲ ಮಾತ್ರ ಆಹಾರಕ್ಕೆ ಉಳಿಯುವುದು. ಜೂನ್ ತಿಂಗಳಲ್ಲಾದರೋ ರಾತ್ರಿ ಹತ್ತು ಗಂಟೆಯ ಸಮೀಪದವರೆಗೂ ಸೂರ್ಯನಿರುವನು. ಕೆಲಸದ ನಡುವೆಯೇ ಎರಡು ಹೊತ್ತಿನ ಊಟವನ್ನು ಮುಗಿಸಿಕೊಳ್ಳುವ ಅಭ್ಯಾಸವಿದ್ದರೆ ನಿಯಮವು ಅಸಾಧ್ಯವಲ್ಲ. ಸ್ವಯಂಪಾಕವನ್ನು ಬಲ್ಲವರಿಗೆ ಕಂದಮೂಲ ವರ್ಜನವೂ ಕಷ್ಟವಲ್ಲ.

ಎರಡನೆಯದು ಧನದ ಮೂಲ. ಡೆನ್ಮಾರ್ಕಿನಲ್ಲಿ ವಿಜ್ಞಾನ ಮತ್ತು ಮಾನವಿಕ ಸಂಶೋಧನೆಗಳಿಗೆ ಉದಾರವಾಗಿ ನೆರವೀಯುವ ಸಂಸ್ಥೆಗಳಲ್ಲಿ ಕಾರ್ಲ್ಸ್‌ಬರ್ಗ್ ಪ್ರತಿಷ್ಠಾನವು ಪ್ರಮುಖವಾದುದು. ಇದು ೧೮೭೬ರಲ್ಲಿ ಅದೇ ಹೆಸರಿನ ಬಿಯರ್ ಕಾರ್ಖಾನೆಯ ಒಡೆಯನು ಸ್ಥಾಪಿಸಿದುದು. ಮದ್ಯ–ಮಾಂಸ–ಮಧು ತ್ಯಾಗವು ಮೂಲಗುಣವೆಂದೂ, ರಸವಾಣಿಜ್ಯವು ಖರಕರ್ಮವೆಂದೂ ಓದಿದವರಿಗೆ ಆ ಧನವನ್ನು ಸ್ವೀಕರಿಸಬಹುದೇ ಎಂಬ ಶಂಕೆ ಸಹಜ. ಯೋಜನೆಗೆ ಧನವು ಯಾರದೆಂಬುದು ಪ್ರಕಟಣೆಯಲ್ಲಿ ಸಾಮಾನ್ಯವಾಗಿ ಕಾಣಿಸಿರುತ್ತದೆ. ಅದನ್ನು ಓದಿ, ಅರ್ಜಿ ಹಾಕುವ ಮೊದಲೇ ನಿಶ್ಚಯಿಸಬೇಕು. ಆಯ್ಕೆಯಾದ ಬಳಿಕ ಹಿಂದೆಗೆದರೆ ಇನ್ನೊಬ್ಬರ ಅವಕಾಶವನ್ನೂ ಕೆಡಿಸಿದಂತಾಗುವುದು.

ಮೂರನೆಯದು ಚರ್ಮಪತ್ರ. ಐಸ್‌ಲೆಂಡಿನ ಪ್ರಾಚೀನ ಗ್ರಂಥಗಳು ಕರುವಿನ ಚರ್ಮದ ಮೇಲೆ ಬರೆದುವು. “ಗುರುಗಳೇ, ಅದನ್ನು ಮುಟ್ಟಿ ಓದಬಹುದೇ?” ಎಂದು ವಿದ್ಯಾರ್ಥಿನಿಯು ಕೇಳಿದಳು. “ಅಮ್ಮಾ, ಶತಮಾನಗಳ ಹಿಂದೆ ನಡೆದುಹೋದ ಹಿಂಸೆಯಲ್ಲಿ ನಿನ್ನ ಕೃತ–ಕಾರಿತ–ಅನುಮೋದನೆಗಳು ಯಾವುವೂ ಇಲ್ಲವೆಂದು ನನಗೆ ತೋರುವುದು. ಆದರೆ ನನ್ನ ಮಾತೇ ಕೊನೆಯಲ್ಲ, ಮುನಿಗಳನ್ನು ಕೇಳಿಕೋ” ಎಂದೆನು. ಅನೇಕ ಪ್ರತಿಗಳ ಛಾಯಾಚಿತ್ರಗಳು ಈಗ ಗಣಕಯಂತ್ರದಲ್ಲಿಯೇ ದೊರೆಯುವುದರಿಂದ ಮುಟ್ಟದೆಯೂ ಅಧ್ಯಯನ ನಡೆಸಬಹುದಾದ ಭಾಗವು ದೊಡ್ಡದಾಗಿಯೇ ಇದೆ. ಈ ವಿಷಯದಲ್ಲಿ ವಿದ್ವಾಂಸರು ತಮ್ಮ ಅಭಿಪ್ರಾಯವನ್ನು ತಿಳಿಸಿದರೆ ಉಪಕಾರವಾಗುವುದು.

೮. ನಮ್ಮ ಕರ್ತವ್ಯ

ಅರ್ಜಿ ಹಾಕುವವರು ತರುಣರು. ಆದರೆ ಅರ್ಜಿಯ ಸಾಮಗ್ರಿಯನ್ನು ಒದಗಿಸಬೇಕಾದವರು ನಾವು. ಮೂಡುಬಿದಿರೆಯ ಸಿದ್ಧಾಂತ ಗ್ರಂಥಗಳು ದೀರ್ಘಕಾಲ ದರ್ಶನಕ್ಕೆ ಮಾತ್ರ ಸಲ್ಲುತ್ತಿದ್ದುವು. ಧವಳೆಯು ೧೯೩೯ರಿಂದ ೧೯೫೮ರವರೆಗೆ ೧೬ ಭಾಗಗಳಲ್ಲಿ ಅಚ್ಚಾದ ಮೇಲೆಯೇ ಲೋಕವು ಅದನ್ನು ಓದಿತು. ೧೯೪೮ರಲ್ಲಿ ಕೆ. ಭುಜಬಲಿ ಶಾಸ್ತ್ರಿಗಳ ಕನ್ನಡ ಪ್ರಾಂತದ ತಾಡಪತ್ರ ಗ್ರಂಥಸೂಚಿಯು ಪ್ರಕಟವಾದುದರಿಂದ ಎಷ್ಟೋ ಕಟ್ಟುಗಳಿಗೆ ಸಂಖ್ಯೆಯೂ ವಿಳಾಸವೂ ದೊರೆತುವು. ವಿಳಾಸವಿಲ್ಲದ ಓಲೆಯನ್ನು ಕುರಿತು ಎಷ್ಟು ಸೂಕ್ಷ್ಮವಾಗಿ ಬರೆದರೂ ಪರಿಶೀಲಿಸುವವನಿಗೆ ಅದು ಕೇಳಿದ ಮಾತಾಗುವುದೇ ಹೊರತು ಕಂಡ ಪ್ರಮಾಣವಾಗದು. ಆದುದರಿಂದ ಮನೆಗಳಲ್ಲಿಯೂ ಚಿಕ್ಕ ಬಸದಿಗಳಲ್ಲಿಯೂ ಉಳಿದಿರುವ ಕಟ್ಟುಗಳಿಗೆ ಸಂಖ್ಯೆ ಹಾಕಿ, ಗರಿಗಳನ್ನು ಎಣಿಸಿ, ಪುಷ್ಪಿಕೆಯನ್ನು ಪ್ರತಿಮಾಡಿ ಪ್ರಕಟಿಸುವುದು ಪ್ರಥಮ ಕರ್ತವ್ಯ.

ಎರಡನೆಯದು, ಶಿಷ್ಯರು ಕಂಡುಹಿಡಿದ ಪಾಠವನ್ನು ಅವರ ಹೆಸರಿನಲ್ಲಿಯೇ ಪ್ರಕಟಿಸುವುದು. ಅಡಿಟಿಪ್ಪಣಿಯಲ್ಲಿ ಒಂದು ಸಾಲಾದರೂ ಸಾಕು. ಮುಂದೆ ಅದೇ ಅವರಿಗೆ ಪ್ರಮಾಣಪತ್ರವಾಗುವುದು. ಮೂರನೆಯದು, ಶಿಫಾರಸು ಪತ್ರದಲ್ಲಿ ವಿಶೇಷಣಗಳನ್ನು ಕಡಮೆಮಾಡಿ ಸಂಗತಿಗಳನ್ನು ಬರೆಯುವುದು: ಯಾವ ಕಟ್ಟು, ಎಷ್ಟು ಗರಿ, ಎಷ್ಟು ಕಾಲ, ಯಾವ ತೊಡಕು, ಯಾವ ಪರಿಹಾರ.

ಹೋದವರು ಮರಳುವರೇ ಎಂದು ಹಿರಿಯರು ಕೇಳುವುದುಂಟು. ನ್ಯಾಯವಾದ ಪ್ರಶ್ನೆ. ರಾಸ್ಕನು ಏಳು ವರ್ಷ ತಿರುಗಿ ಪರದೇಶದ ಓಲೆಗಳನ್ನು ಹೊತ್ತು ತನ್ನ ಊರಿಗೆ ಮರಳಿದನು. ಪುಷ್ಪದಂತರು ಗಿರಿನಗರದಲ್ಲಿ ಕಲಿತು ನಮ್ಮ ವನವಾಸ ದೇಶಕ್ಕೆ ಬಂದರು. ಭೂತಬಲಿಗಳು ದ್ರಮಿಳ ದೇಶಕ್ಕೆ ಹೋದರು. ಕಲಿತ ಕಡೆಯೇ ನಿಲ್ಲದುದರಿಂದ ಆಗಮವು ಗ್ರಂಥರೂಪವನ್ನು ತಳೆಯಿತು. ಮರಳಿ ಬಂದವರಿಗೆ ಇಲ್ಲಿ ಕುಳಿತು ಓದಲು ಒಂದು ಮೇಜನ್ನೂ, ಸಂಖ್ಯೆ ಹಾಕಿದ ಕಟ್ಟುಗಳನ್ನೂ ನಾವು ಸಿದ್ಧವಾಗಿಟ್ಟರೆ ಮರಳುವರು. ಇಡದಿದ್ದರೆ ಅವರನ್ನು ದೂರುವುದಕ್ಕೆ ನಮಗೆ ಅಧಿಕಾರವಿಲ್ಲ.

ಹೊಸಹೊಳಲಿನ ವಿದ್ಯಾರ್ಥಿನಿಗೆ ಆ ೮ ವರ್ಷಗಳ ಮಿತಿಯಲ್ಲಿ ಇನ್ನು ೨ ವರ್ಷ ಉಳಿದಿವೆ. ಆಕೆಯು ಹೊಸ ಯೋಜನೆಯನ್ನು ಸಿದ್ಧಪಡಿಸುತ್ತಿದ್ದಾಳೆ: ಒಬ್ಬ ಲಿಪಿಕಾರನ ಸೊನ್ನೆಗಳ ಪ್ರಯೋಗದಿಂದ ಅವನ ಮೂಲಪ್ರತಿಯ ಸ್ವರೂಪವನ್ನು ಊಹಿಸುವ ಬಗೆ ಅದರ ವಿಷಯ. ನನ್ನ ಎರಡನೆಯ ಪತ್ರವನ್ನೂ ಬರೆದುಕೊಟ್ಟಿದ್ದೇನೆ. ಅದು ಒಂದೇ ಪುಟ. ಮೊದಲ ವಾಕ್ಯದಲ್ಲಿಯೇ, ಇಂತಹ ಕಟ್ಟಿನ ಇಂತಹ ಗರಿಯಲ್ಲಿ ನಾನು ತಪ್ಪಾಗಿ ಓದಿದ ಶಬ್ದವನ್ನು ಈಕೆ ತಿದ್ದಿದಳೆಂದು ಬರೆದಿದ್ದೇನೆ. ಅರ್ಜಿಯ ಫಲವು ಏನಾದರಾಗಲಿ, ಪಾಠವಂತೂ ಶುದ್ಧವಾಗಿದೆ.